ಆಟೋ ಬರದ ಊರಲ್ಲಿ ಅಮ್ಮನ ಜೊತೆ ನಾಲ್ಕು ದಿನ

ಅಮ್ಮನ ಮಂಡಿ ಕೈಕೊಟ್ಟಾಗ ನಾವು ಸುಮಾರು 1,700 ಮೀಟರ್ ಎತ್ತರದಲ್ಲಿದ್ದೆವು. ಎದುರಿಗೆ ಸ್ವಿಟ್ಜರ್ಲೆಂಡ್‌ನ ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಶಿಖರಗಳು ಸಾಲಾಗಿ ನಿಂತಿದ್ದವು. ಅಮ್ಮ ಅವನ್ನು ನೋಡುತ್ತಿರಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಮಂಡಿ ತಿಕ್ಕುತ್ತಾ, "ಇಲ್ಲಿಂದ ಒಂದು ಆಟೋ ಸಿಗ್ತದಾ?" ಅಂದಳು. ತಮಾಷೆಗೆ ಕೇಳಿದ್ದು, ಗೊತ್ತು. ಆದರೂ ನನಗೆ ಒಂದು ಕ್ಷಣ ಬೆವರಿತು.

ಇದು 2023ರ ಜುಲೈ. ನಾನು ಜ್ಯೂರಿಕ್‌ನಲ್ಲಿ ಕೆಲಸ ಮಾಡುತ್ತೇನೆ. ತೀರ್ಥಹಳ್ಳಿ ಕಡೆಯಿಂದ ಅಮ್ಮ ಬಂದಿದ್ದಳು. ಅವಳಿಗೆ ಆಗ 64 ವರ್ಷ. ಗುಡ್ಡ ಹತ್ತುವುದು, ತೋಟದ ಏರಿ ಇಳಿಯುವುದು ಅವಳಿಗೆ ಹೊಸದಲ್ಲ. ಅದಕ್ಕೇ ನಾನು ಧೈರ್ಯವಾಗಿ ಮ್ಯೂರೆನ್‌ನಲ್ಲಿ ನಾಲ್ಕು ದಿನಕ್ಕೆ ರೂಮ್ ಮಾಡಿದ್ದೆ.

ಮ್ಯೂರೆನ್ ಇರುವುದು 1,638 ಮೀಟರ್ ಎತ್ತರದಲ್ಲಿ, ಲೌಟರ್‌ಬ್ರುನ್ನೆನ್ ಕಣಿವೆಯ ಮೇಲಿನ ಅಂಚಿನಲ್ಲಿ. ಪ್ರವಾಸಿಗರ ಕಾರು ಅಲ್ಲಿಗೆ ಹೋಗುವುದಿಲ್ಲ. ಕೆಳಗೆ ಲೌಟರ್‌ಬ್ರುನ್ನೆನ್‌ನಲ್ಲಿ ರೈಲು ಇಳಿದು, ಕೇಬಲ್ ಕಾರ್ ಹತ್ತಿ ಗ್ರೂಟ್ಶ್‌ಆಲ್ಪ್‌ಗೆ ಹೋಗಬೇಕು. ಅಲ್ಲಿಂದ ಬೆಟ್ಟದ ಅಂಚಿನಲ್ಲೇ ಸಾಗುವ ಪುಟ್ಟ ರೈಲು. ಈ ದಾರಿ 1891ರಿಂದ ಇದೆ. ಆಗ ಕೆಳಗಿನ ಭಾಗದಲ್ಲಿ ಹಗ್ಗ ಎಳೆಯುವ ರೈಲಿತ್ತು, 2006ರಿಂದ ಅದರ ಜಾಗದಲ್ಲಿ ಕೇಬಲ್ ಕಾರ್. ಊರಿನ ಅಂಗಡಿಗೆ ಬೇಕಾದ ಸಾಮಾನು ಕೂಡ ಹೀಗೇ ಬರುತ್ತದೆ. ಜನ ಕೂತ ಡಬ್ಬಿಯ ಅಡಿಯಲ್ಲಿ ಸಾಮಾನಿನ ಪೆಟ್ಟಿಗೆ ನೇತಾಡಿಕೊಂಡು ಹೋಗುತ್ತಿರುತ್ತದೆ. ಅಮ್ಮನಿಗೆ ಶಿಖರಗಳಿಗಿಂತ ಇದೇ ಜಾಸ್ತಿ ಇಷ್ಟವಾಯಿತು. "ಗ್ಯಾಸ್ ಸಿಲಿಂಡರೂ ಹಿಂಗೇ ಬರ್ತದಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೊದಲ ದಿನವೇ ಮೌಂಟನ್ ವ್ಯೂ ಟ್ರೇಲ್ ಹಿಡಿದೆ. ಮ್ಯೂರೆನ್‌ನಿಂದ ಹಗ್ಗ ಎಳೆಯುವ ಹಳಿಯ ಗಾಡಿಯಲ್ಲಿ ಆಲ್ಮೆಂಡ್‌ಹೂಬೆಲ್‌ಗೆ ಹತ್ತಿಬಿಡುವುದು (1,907 ಮೀಟರ್), ಅಲ್ಲಿಂದ ನಡೆದು ಗ್ರೂಟ್ಶ್‌ಆಲ್ಪ್‌ಗೆ (1,486 ಮೀಟರ್) ಇಳಿಯುವುದು. "ಪೂರ್ತಿ ಇಳಿಜಾರು, ಸುಲಭ" ಅಂತ ಲೆಕ್ಕ ಹಾಕಿದ್ದೆ. ಏರು ಅಂದರೆ ಕಷ್ಟ, ಇಳಿಜಾರು ಅಂದರೆ ಸುಲಭ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಏರಿನಲ್ಲಿ ದಣಿಯುವುದು ಉಸಿರು. ಎರಡು ನಿಮಿಷ ನಿಂತರೆ ವಾಪಸ್ ಬರುತ್ತದೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಮೈಭಾರವನ್ನು ಮಂಡಿ ತಡೆಯಬೇಕು. ಅದು ಎರಡು ನಿಮಿಷಕ್ಕೆ ವಾಪಸ್ ಬರುವಂಥದ್ದಲ್ಲ. ಮನೆಯ ಗುಡ್ಡವನ್ನು ಅಮ್ಮ ದಿನಾ ಇಳಿಯುತ್ತಾಳೆ, ನಿಜ. ಆದರೆ ಒಟ್ಟಿಗೆ 400 ಮೀಟರ್ ಎಂದೂ ಇಳಿದಿರಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಇನ್ನೊಂದು ತಪ್ಪು ಬೋರ್ಡ್ ಓದಿದ ರೀತಿ. ಸ್ವಿಟ್ಜರ್ಲೆಂಡ್‌ನ ಹಳದಿ ಬೋರ್ಡ್‌ಗಳ ಮೇಲೆ ಕಿಲೋಮೀಟರ್ ಇರುವುದಿಲ್ಲ, ಸಮಯ ಇರುತ್ತದೆ. ಸಮತಟ್ಟಿನಲ್ಲಿ ಗಂಟೆಗೆ ಹೆಚ್ಚುಕಡಿಮೆ 4.2 ಕಿಲೋಮೀಟರ್ ನಡೆಯುವವರ ಲೆಕ್ಕ ಅದು. ಕೂರುವುದು, ಫೋಟೋ ತೆಗೆಯುವುದು, ಬುತ್ತಿ ಬಿಚ್ಚುವುದು ಯಾವುದೂ ಅದರಲ್ಲಿ ಸೇರಿಲ್ಲ. ಅಮ್ಮ ಪ್ರತಿ ಹೂವಿನ ಹತ್ತಿರ ನಿಲ್ಲುತ್ತಿದ್ದಳು. ಬೋರ್ಡ್‌ನ ಸಮಯ ಮುಗಿಯುವಷ್ಟರಲ್ಲಿ ನಾವು ಅರ್ಧ ದಾರಿಯಲ್ಲಿದ್ದೆವು. ಈಗ ನಾನು ಬೋರ್ಡ್‌ನ ಸಮಯವನ್ನು ನೇರ ಎರಡರಿಂದ ಗುಣಿಸುತ್ತೇನೆ.

ಆ ಕಲ್ಲಿನ ಮೇಲೆ ಕೂತಾಗ ನಮ್ಮನ್ನು ಉಳಿಸಿದ್ದು ಪಕ್ಕದ ದಾರಿಯ ಒಂದು ಬೋರ್ಡ್. ಅದರ ಮೇಲೆ ವಿಂಟರೆಗ್ ಅಂತ ಇತ್ತು. ಮ್ಯೂರೆನ್ ರೈಲಿನ ನಡುವಿನ ಸ್ಟೇಷನ್ ಅದು, 1,578 ಮೀಟರ್. ಗ್ರೂಟ್ಶ್‌ಆಲ್ಪ್‌ವರೆಗೆ ಹೋಗುವುದನ್ನು ಬಿಟ್ಟು ಅತ್ತ ತಿರುಗಿದೆವು. ನನ್ನ ಎರಡೂ ಕೋಲು ಅಮ್ಮನಿಗೆ ಕೊಟ್ಟೆ. ಕಡಿದಾದ ಕಡೆ ಅವಳು ಹಿಂದುಮುಂದಾಗಿ ಇಳಿದಳು, ಅಟ್ಟದ ಏಣಿ ಇಳಿಯುವ ಹಾಗೆ. ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜ ನಕ್ಕು ಹೆಬ್ಬೆರಳು ಎತ್ತಿ ತೋರಿಸಿದರು. ರೈಲಿನಲ್ಲಿ ಕೂತ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ನಾಳೆಯಿಂದ ಹತ್ತುವುದು ನಾನು, ಇಳಿಯುವುದು ಗಾಡಿ."

ಆ ಮಾತೇ ಉಳಿದ ದಿನಗಳ ಪ್ಲಾನ್ ಆಯಿತು. ರಾತ್ರಿ ಮ್ಯಾಪ್ ಹರಡಿಕೊಂಡು ಮೊದಲು ದಾರಿ ನೋಡಲಿಲ್ಲ, ಸ್ಟೇಷನ್‌ಗಳಿಗೆ ಗುರುತು ಹಾಕಿದೆ. ಗ್ರೂಟ್ಶ್‌ಆಲ್ಪ್, ವಿಂಟರೆಗ್, ಮ್ಯೂರೆನ್, ಆಲ್ಮೆಂಡ್‌ಹೂಬೆಲ್, ಗಿಮ್ಮೆಲ್‌ವಾಲ್ಡ್. ಆಮೇಲೆ ಅವುಗಳ ನಡುವೆ ಬರುವ ದಾರಿಗಳನ್ನಷ್ಟೇ ಆರಿಸಿದೆ. ಕಾರು ಬರದ ಊರಿನಲ್ಲಿ ದಾರಿ ಮಧ್ಯೆ ಸುಸ್ತಾದರೆ ಫೋನ್ ಮಾಡಿ ಕರೆಸಲು ಯಾರೂ ಇಲ್ಲ. ಇರುವುದು ಹೆಲಿಕಾಪ್ಟರ್ ಒಂದೇ. ರೇಗಾ ಅನ್ನುವ ರಕ್ಷಣಾ ಸಂಸ್ಥೆಯ ನಂಬರ್ 1414 ಅನ್ನು ಫೋನಿನಲ್ಲಿ ಹಾಕಿಟ್ಟುಕೊಂಡೆ, ಆದರೆ ಮಂಡಿನೋವಿಗೆ ಹೆಲಿಕಾಪ್ಟರ್ ಕರೆಸಿದರೆ ಅಮ್ಮ ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ.

ಎರಡನೇ ದಿನ ರೈಲಿನಲ್ಲಿ ಗ್ರೂಟ್ಶ್‌ಆಲ್ಪ್‌ಗೆ ಹೋಗಿ, ಹಳಿಯ ಪಕ್ಕದ ದಾರಿಯಲ್ಲಿ ನಡೆದು ಮ್ಯೂರೆನ್‌ಗೆ ವಾಪಸ್ ಬಂದೆವು. ಸುಮಾರು ನಾಲ್ಕೂವರೆ ಕಿಲೋಮೀಟರ್. ಒಟ್ಟು ಏರು 150 ಮೀಟರ್ ಅಷ್ಟೇ, ಅದೂ ಗೊತ್ತೇ ಆಗದ ಹಾಗೆ. ಶಿಖರಗಳು ಎಡಗಡೆ ಪೂರ್ತಿ ದಾರಿ ಜೊತೆಗೇ ಬರುತ್ತವೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇಲ್ಲಿ ಒಂದೇ ದಾರಿ ಹೇಳು ಅಂದರೆ ಇದನ್ನೇ ಹೇಳುತ್ತೇನೆ. ಮಧ್ಯದಲ್ಲಿ ವಿಂಟರೆಗ್ ಬರುತ್ತದೆ. ಅಲ್ಲಿ ಹೋಟೆಲ್ ಇದೆ, ಚೀಸ್ ಮಾಡುವ ಡೈರಿ ಇದೆ. ಬೆಟ್ಟದ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುತ್ತಾರೆ. ಹೇಳಬೇಕೋ ಬೇಡವೋ ಅಂತ ಯೋಚಿಸಿ, ಹೇಳಿಯೇಬಿಟ್ಟೆ. ಅಮ್ಮ ಚೀಸ್ ತುಂಡನ್ನು ನನ್ನ ತಟ್ಟೆಗೆ ಹಾಕಿ, ಚೀಲದಿಂದ ಚಪಾತಿ ಮತ್ತು ಚಟ್ನಿಪುಡಿ ತೆಗೆದಳು.

ಈ ದಾರಿಯಲ್ಲೇ ಅವಳು ಕೇಳಿದ ಇನ್ನೊಂದು ಪ್ರಶ್ನೆ: "ಮಳೆ ಬಂದು ಹುಲ್ಲೆಲ್ಲ ಒದ್ದೆಯಾಗಿದೆ, ಒಂದು ಇಂಬಳವೂ ಇಲ್ವಲ್ಲ ಮಾರಾಯ್ತಿ?" ಇಲ್ಲ. ಮಲೆನಾಡಿನವರು ಅಭ್ಯಾಸಬಲದಿಂದ ಹತ್ತು ಹೆಜ್ಜೆಗೊಮ್ಮೆ ಕಾಲು ನೋಡಿಕೊಳ್ಳುವುದನ್ನು ಇಲ್ಲಿ ಬಿಡಬಹುದು. ಬದಲಿಗೆ ದನಗಳ ಮೇಲೆ ಕಣ್ಣಿರಲಿ. ದಾರಿ ನೇರ ಹುಲ್ಲುಗಾವಲಿನ ಒಳಗೇ ಹೋಗುತ್ತದೆ. ಕರು ಇರುವ ಹಸುವಿನ ಹತ್ತಿರ ಹೋಗಬೇಡಿ ಅಂತ ಬೋರ್ಡ್ ಹಾಕಿರುತ್ತಾರೆ. ಬೇಲಿಗೆ ಕರೆಂಟ್ ಇರುತ್ತದೆ, ಪ್ಲಾಸ್ಟಿಕ್ ಹಿಡಿಕೆ ಹಿಡಿದು ತೆಗೆದು ಮತ್ತೆ ಸಿಕ್ಕಿಸಬೇಕು. ದಾರಿಗೆ ಅಡ್ಡ ನಿಂತ ದೊಡ್ಡ ಗಂಟೆಯ ಹಸುವಿನ ಮುಂದೆ ನಾನು ಹೆದರಿ ನಿಂತಿದ್ದೆ. ಅಮ್ಮ ನಾಲಿಗೆಯಲ್ಲಿ ಲೊಚಗುಟ್ಟಿ "ಸರಿ ಆಚೆ" ಅಂದಳು. ಅದು ಸರಿಯಿತು. ಕನ್ನಡ ಬಂತೋ ಏನೋ.

ಮೂರನೇ ದಿನ ಗಿಮ್ಮೆಲ್‌ವಾಲ್ಡ್. ಮ್ಯೂರೆನ್‌ನಿಂದ 275 ಮೀಟರ್ ಕೆಳಗಿದೆ. ಎಲ್ಲರೂ ನಡೆದು ಇಳಿಯುತ್ತಾರೆ, ನಾವು ಕೇಬಲ್ ಕಾರಿನಲ್ಲಿ ಇಳಿದು ನಡೆದು ಹತ್ತಿದೆವು. ಡಾಂಬರಿನ ಸಣ್ಣ ದಾರಿ, ಅಲ್ಲಲ್ಲಿ ಬೆಂಚು. ನಮಗೆ ಒಂದೂವರೆ ಗಂಟೆ ಹಿಡಿಯಿತು, ಮಂಡಿ ಒಂದು ಮಾತೂ ಆಡಲಿಲ್ಲ. ಇಳಿಜಾರಿನಲ್ಲಿ ಜನ ಕತ್ತಿಯಿಂದ ಹುಲ್ಲು ಕೊಯ್ಯುತ್ತಿದ್ದರು. ಗಿಮ್ಮೆಲ್‌ವಾಲ್ಡ್‌ನಲ್ಲಿ ಮಾಲೀಕರೇ ಕೂರದ ಒಂದು ಅಂಗಡಿ ಇದೆ, ಸಾಮಾನು ತೆಗೆದುಕೊಂಡು ದುಡ್ಡು ಇಟ್ಟು ಬರಬೇಕು. (ಡಿಸೆಂಬರ್ 2024ರಿಂದ ಕೆಳಗಿನ ಶ್ಟೆಖೆಲ್‌ಬೆರ್ಗ್‌ನಿಂದ ಮ್ಯೂರೆನ್‌ಗೆ ನೇರ ಹೊಸ ಕೇಬಲ್ ಕಾರ್ ಇದೆ. ಅದು ಗಿಮ್ಮೆಲ್‌ವಾಲ್ಡ್‌ನಲ್ಲಿ ನಿಲ್ಲುವುದಿಲ್ಲ. ಹತ್ತುವ ಮುಂಚೆ ಕೇಳಿಕೊಳ್ಳಿ.)

ಆ ಮಧ್ಯಾಹ್ನ ಅಮ್ಮ ಮಲಗಿದಾಗ ನಾನೊಬ್ಬಳೇ ಸ್ಪ್ರುಟ್ಸ್ ಜಲಪಾತಕ್ಕೆ ಹೊರಟೆ. ನೀರಿನ ಪರದೆಯ ಹಿಂದೆ ನಡೆದು ಹೋಗಬಹುದಾದ ಜಾಗ ಅದು. ಬಿಳಿ-ಕೆಂಪು-ಬಿಳಿ ಪಟ್ಟೆಯ ಬೆಟ್ಟದ ದಾರಿ, ಅಂದರೆ ಬರೀ ಹಳದಿ ಗುರುತಿನ ದಾರಿಗಿಂತ ಕಷ್ಟದ್ದು. ಮಳೆ ನಿಂತು ಒಂದು ಗಂಟೆಯಾಗಿತ್ತು. ಬೇರುಗಳೆಲ್ಲ ಎಣ್ಣೆ ಸವರಿದ ಹಾಗೆ ಜಾರುತ್ತಿದ್ದವು. ನೀರಿನ ಸದ್ದು ಕೇಳುವಷ್ಟು ಹತ್ತಿರ ಹೋಗಿ ವಾಪಸ್ ಬಂದೆ. ಬೇಜಾರಾಯಿತು, ಸುಳ್ಳು ಯಾಕೆ.

ಕೊನೆಯ ದಿನ ಮತ್ತೆ ಆಲ್ಮೆಂಡ್‌ಹೂಬೆಲ್. ಈ ಸಲ ನಾರ್ತ್‌ಫೇಸ್ ಟ್ರೇಲ್‌ನ ಮೊದಲ ಭಾಗವನ್ನಷ್ಟೇ ಬ್ಲೂಮೆನ್‌ಟಾಲ್‌ವರೆಗೆ ನಡೆದು, ಅದೇ ದಾರಿಯಲ್ಲಿ ಹತ್ತಿ ಬಂದು ಹಳಿಯ ಗಾಡಿ ಹಿಡಿದೆವು. ಬ್ಲೂಮೆನ್‌ಟಾಲ್ ಅಂದರೆ ಹೂಕಣಿವೆ. ಜುಲೈನಲ್ಲಿ ಹೆಸರಿಗೆ ತಕ್ಕ ಹಾಗೇ ಇತ್ತು. ಬೆಳಿಗ್ಗೆ ಎಂಟೂವರೆಗೇ ಹೊರಟಿದ್ದೆವು. ಬೇಸಿಗೆಯಲ್ಲಿ ಇಲ್ಲಿ ಗುಡುಗು ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಎರಡು ಗಂಟೆಗೆ ಮೊದಲ ಗುಡುಗು ಕೇಳಿದಾಗ ನಾವು ರೂಮಿನಲ್ಲಿ ಅವಲಕ್ಕಿ ತಿನ್ನುತ್ತಿದ್ದೆವು.

ಮರುದಿನ ಲೌಟರ್‌ಬ್ರುನ್ನೆನ್‌ಗೆ ಇಳಿದೆವು. ಸುಮಾರು 297 ಮೀಟರ್ ಎತ್ತರದಿಂದ ಬೀಳುವ ಸ್ಟೌಬ್‌ಬಾಖ್ ಜಲಪಾತ ಊರಿನ ಪಕ್ಕದಲ್ಲೇ ಇದೆ. ಜೋಗಕ್ಕಿಂತ ಎತ್ತರ ಅಂದೆ. "ಎತ್ತರ ಇದ್ರೆ ಆಯ್ತಾ, ನೀರೆಲ್ಲಿ?" ಅಂದಳು ಅಮ್ಮ, ರಸ್ತೆಯ ನಟ್ಟನಡುವೆ ನಡೆಯುತ್ತಾ. ನಾನೂ ಅವಳ ಪಕ್ಕದಲ್ಲೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ನಮ್ಮ ಹಿಂದೆ ಒಂದು ಕಾರು, ಹಾರ್ನ್ ಹೊಡೆಯದೆ, ನಮ್ಮದೇ ವೇಗದಲ್ಲಿ ಬರುತ್ತಿತ್ತು.