ಎಲ್‌ವಿಪೆಕಲ್ ಕ್ಲಾಕನ್ನು ಎಲ್‌ವಿಡಿಎಸ್ ಪಿನ್ನಿಗೆ ಸೇರಿಸುವ ಬಗೆ

ಎಲ್‌ವಿಪೆಕಲ್, ಎಲ್‌ವಿಡಿಎಸ್ ಎರಡೂ ವೇಗದ ಸಿಗ್ನಲ್ ಸಾಗಿಸುವ ಬಗೆಗಳು. ಎರಡೂ ಡಿಫರೆನ್ಷಿಯಲ್ (ಪ್ಲಸ್, ಮೈನಸ್ ಎಂಬ ಜೋಡಿ ಗೆರೆಗಳ ವ್ಯತ್ಯಾಸವೇ ಸಿಗ್ನಲ್) ತಾನೇ, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕೊಟ್ಟರಾಯಿತು ಎಂದುಕೊಂಡರೆ ಕೆಲಸ ಕೆಡುತ್ತದೆ. 3.3 ವೋಲ್ಟಿನ ಎಲ್‌ವಿಪೆಕಲ್ ಆಸಿಲೇಟರ್ (ಕ್ಲಾಕ್ ಅಲೆ ಹೊರಡಿಸುವ ಬಿಡಿಭಾಗ) ಸುಮಾರು 2 ವೋಲ್ಟಿನ ಸುತ್ತ ಆಡುತ್ತದೆ. ಒಂದೊಂದು ಗೆರೆಯಲ್ಲೂ ಸುಮಾರು 800 ಮಿಲಿವೋಲ್ಟ್ ಏರಿಳಿತ. ಎಲ್‌ವಿಡಿಎಸ್‌ನ ಲೆಕ್ಕವೇ ಬೇರೆ: 1.2 ವೋಲ್ಟಿನ ಸುತ್ತ 350 ಮಿಲಿವೋಲ್ಟ್. ಮೈಸೂರು, ಮಂಡ್ಯದ ಕಾಲೇಜು ಲ್ಯಾಬುಗಳಲ್ಲಿ ಎಫ್‌ಪಿಜಿಎ (ಒಳಗಿನ ಲಾಜಿಕ್ಕನ್ನು ನಾವೇ ರೂಪಿಸಿಕೊಳ್ಳುವ ಚಿಪ್) ಪ್ರಾಜೆಕ್ಟಿಗೆ ಕೂತವರು 156.25 ಮೆಗಾಹರ್ಟ್ಸ್ ಕ್ಲಾಕನ್ನು ಹೀಗೆ ಸೇರಿಸಬಹುದು.

ಆಸಿಲೇಟರಿನ ಪಕ್ಕದಲ್ಲೇ ಎರಡೂ ಔಟ್‌ಪುಟ್‌ಗಳಿಂದ ಗ್ರೌಂಡಿಗೆ 150 ಓಮ್ ಹಾಕಿ. ಹೆಚ್ಚಿನವರು ಎಡವುವುದು ಇಲ್ಲೇ. ಎಲ್‌ವಿಪೆಕಲ್ ಔಟ್‌ಪುಟ್ ಓಪನ್ ಎಮಿಟರ್. ಅದು ಮೇಲಕ್ಕೆ ಎಳೆಯುತ್ತದೆಯೇ ಹೊರತು ಕೆಳಕ್ಕೆ ಎಳೆಯಲಾರದು. ಮುಂದೆ ಕೆಪಾಸಿಟರ್ ಬಂದರೆ ಡಿಸಿ ದಾರಿಯೂ ಮುಚ್ಚುತ್ತದೆ, ಈ ರೆಸಿಸ್ಟರ್ ಇಲ್ಲದಿದ್ದರೆ ಅಲೆಯೇ ಸಿಗುವುದಿಲ್ಲ.

ಆಮೇಲೆ ಪ್ರತಿ ಗೆರೆಗೂ ಸರಣಿಯಲ್ಲಿ 47 ಓಮ್, ಅದರ ನಂತರ 100 ನ್ಯಾನೋಫ್ಯಾರಡ್ ಕೆಪಾಸಿಟರ್. 47 ಓಮ್ ಆಸಿಲೇಟರ್ ಕಡೆಯಲ್ಲೇ ಇರಲಿ. 800 ಮಿಲಿವೋಲ್ಟನ್ನು ಸುಮಾರು 410ಕ್ಕೆ ಇಳಿಸುವುದು ಅದೇ.

ಎಫ್‌ಪಿಜಿಎ ತುದಿಯಲ್ಲಿ ಎರಡು ಗೆರೆಗಳ ನಡುವೆ 100 ಓಮ್. ಚಿಪ್ಪಿನೊಳಗಿನ ಟರ್ಮಿನೇಷನ್ (ಇದೇ 100 ಓಮ್) ಆನ್ ಮಾಡಿದ್ದರೆ ಹೊರಗಿನದು ಬೇಡ. ಎರಡೂ ಇದ್ದರೆ 50 ಓಮ್ ಆಗಿ ಸಿಗ್ನಲ್ ಕುಗ್ಗುತ್ತದೆ. ಕೆಪಾಸಿಟರ್ ಡಿಸಿಯನ್ನು ತಡೆದಿದೆಯಲ್ಲ, ಆ 1.2 ವೋಲ್ಟನ್ನು ನಾವೇ ಕೊಡಬೇಕು: ಪ್ರತಿ ಗೆರೆಗೆ 3.3 ವೋಲ್ಟಿನಿಂದ 8.2 ಕಿಲೋಓಮ್, ಗ್ರೌಂಡಿಗೆ 4.7 ಕಿಲೋಓಮ್.

ಕೈಯಲ್ಲಿ ಬೆಸುಗೆ ಹಾಕುವವರಿಗೆ 0603 ಸೈಜಿನ (ಸುಮಾರು 1.6 × 0.8 ಮಿಲಿಮೀಟರ್) ಬಿಡಿಭಾಗ ಸಲೀಸು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ ಒಂದೊಂದು ಮೌಲ್ಯದ್ದೂ ಹತ್ತು ಹೆಚ್ಚಿಗೆ ತನ್ನಿ, ಒಂದು ರೆಸಿಸ್ಟರಿಗಾಗಿ ಮತ್ತೆ ರೈಲು ಹತ್ತುವುದು ತಪ್ಪುತ್ತದೆ. ಬ್ರೆಡ್‌ಬೋರ್ಡ್ ಮಾತ್ರ ಖಂಡಿತ ಬೇಡ.

ಪವರ್ ಕೊಟ್ಟ ಮೇಲೆ ಮೊದಲು ಮಲ್ಟಿಮೀಟರ್: ಎಫ್‌ಪಿಜಿಎಯ ಎರಡೂ ಪಿನ್ನಿನಲ್ಲಿ 1.2 ವೋಲ್ಟ್ ಕಾಣಬೇಕು. ಲ್ಯಾಬಿನ 100 ಮೆಗಾಹರ್ಟ್ಸ್ ಸ್ಕೋಪ್ ಈ ಕ್ಲಾಕನ್ನು ಸಣ್ಣ ಸೈನ್ ಅಲೆಯಂತೆ ತೋರಿಸುತ್ತದೆ, ಅದನ್ನು ನಂಬಿ ಸರ್ಕ್ಯೂಟ್ ಬದಲಿಸಬೇಡಿ. ಬೋರ್ಡಿನ ಇನ್ನೊಂದು ಕ್ಲಾಕಿನಿಂದ ಒಂದು ಸೆಕೆಂಡ್ ಅಳೆದು, ಅಷ್ಟರಲ್ಲಿ ಎಷ್ಟು ಏರು ಅಂಚು ಬಂದವು ಎಂದು ಎಫ್‌ಪಿಜಿಎಯಲ್ಲೇ ಎಣಿಸಿ. 15,62,50,000ರ ಆಸುಪಾಸು ಬರಬೇಕು. 50 ಪಿಪಿಎಂ (ಹತ್ತು ಲಕ್ಷಕ್ಕೆ 50) ಎಂದರೆ 7,812ರಷ್ಟು ಆಚೀಚೆ. ಅಳತೆಯ ಕ್ಲಾಕಿನ ತಪ್ಪೂ ಇದಕ್ಕೆ ಸೇರುತ್ತದೆ. ಎಣಿಕೆ ಪ್ರತಿ ಸಲ ಮನಬಂದಂತೆ ಜಿಗಿದರೆ 150 ಓಮಿನ ಬೆಸುಗೆ ನೋಡಿ.

ಕ್ಲಾಕ್ ನಿಂತಾಗ ಎರಡೂ ಪಿನ್ 1.2 ವೋಲ್ಟಿಗೆ ಬಂದು ನಿಲ್ಲುತ್ತವೆ, ರಿಸೀವರ್ ಬರಿಯ ಗದ್ದಲವನ್ನೇ ಕ್ಲಾಕ್ ಎಂದು ಓದಬಹುದು. ಪಿಎಲ್‌ಎಲ್ (ಬಂದ ಕ್ಲಾಕಿಗೆ ತನ್ನ ಕ್ಲಾಕನ್ನು ಹೊಂದಿಸಿಕೊಳ್ಳುವ ಸರ್ಕ್ಯೂಟ್) ಲಾಕ್ ಆಗುವವರೆಗೆ ಒಳಗಿನ ಲಾಜಿಕ್ಕನ್ನು ರೀಸೆಟ್‌ನಲ್ಲೇ ಇಡಿ.