ಕಪ್ಪು ನಿಜವಾಗಿ ಕಪ್ಪೇನಾ? ಸ್ಕ್ರೀನ್ ಪ್ರಿಂಟಿಂಗ್ ಫಿಲ್ಮ್‌ಗೆ ಪ್ರಿಂಟರ್ ಹದ ಮಾಡುವುದು ಹೇಗೆ

ಸ್ಕ್ರೀನ್ ತೊಳೆಯುವಾಗ ಸಣ್ಣ ಅಕ್ಷರದ ಜಾಗ ಕರಗಿ ಬಿಟ್ಟುಕೊಳ್ಳಲಿಲ್ಲ ಅಂದ್ರೆ ಮೊದಲು ಬೈಸಿಕೊಳ್ಳುವುದು ಎಮಲ್ಷನ್, ಅಂದರೆ ಸ್ಕ್ರೀನಿನ ಜಾಲರಿಗೆ ಹಚ್ಚುವ, ಬೆಳಕಿಗೆ ಗಟ್ಟಿಯಾಗುವ ಪದರ. ಆಮೇಲೆ ಸ್ಕ್ರೀನಿಗೆ ಬೆಳಕು ಕೊಡುವ ಎಕ್ಸ್‌ಪೋಸಿಂಗ್ ಬಾಕ್ಸಿನ ಟ್ಯೂಬು. ಅದೂ ಮುಗಿದ ಮೇಲೆ ಕೋಟಿಂಗ್ ಮಾಡಿದ ಹುಡುಗ. ಡಿಸೈನನ್ನು ಕಪ್ಪಲ್ಲಿ ಪ್ರಿಂಟ್ ಮಾಡಿದ ಪಾರದರ್ಶಕ ಹಾಳೆ, ಅಂದರೆ ಫಿಲ್ಮ್ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ, ಯಾಕಂದ್ರೆ ಅದು ಕಣ್ಣಿಗೆ ಕಪ್ಪಗೇ ಕಾಣುತ್ತಿರುತ್ತದೆ.

ಆದರೆ ಎಮಲ್ಷನ್ ನಿಮ್ಮ ಕಣ್ಣಿನಿಂದ ನೋಡುವುದಿಲ್ಲ. ಅದು ಗಟ್ಟಿಯಾಗುವುದು ನೇರಳಾತೀತ ಬೆಳಕಿಗೆ ಮತ್ತು ಅದರ ಪಕ್ಕದ ನೇರಳೆಗೆ, ಹೆಚ್ಚುಕಡಿಮೆ 350ರಿಂದ 420 ನ್ಯಾನೋಮೀಟರ್ ಒಳಗಿನ ಬೆಳಕಿಗೆ. ಅದು ಬಿದ್ದ ಜಾಗ ಗಟ್ಟಿ, ಬೀಳದ ಜಾಗ ನೀರಿಗೆ ಕರಗಿ ಹೋಗುತ್ತದೆ. ಫಿಲ್ಮ್ ಕೆಲಸ ಇಷ್ಟೇ: ಕಪ್ಪಿರುವ ಕಡೆ ಆ ಬೆಳಕನ್ನು ಪೂರ್ತಿ ತಡೆಯಬೇಕು, ಖಾಲಿ ಇರುವ ಕಡೆ ಪೂರ್ತಿ ಬಿಡಬೇಕು. ನಿಮ್ಮ ಪ್ರಿಂಟರಿಗೆ ಇದು ಗೊತ್ತಿಲ್ಲ. ಅದು ಹುಟ್ಟಿರುವುದು ಕಾಗದದ ಮೇಲೆ ಫೋಟೊ ಹಾಕೋಕೆ. ಕಾಗದದಲ್ಲಿ ಬೆಳಕು ಇಂಕ್ ದಾಟಿ ಕೆಳಗೆ ಹೋಗಿ, ಬಿಳಿಗೆ ಬಡಿದು, ಮತ್ತೆ ಅದೇ ಇಂಕ್ ದಾಟಿ ಕಣ್ಣಿಗೆ ಬರುತ್ತದೆ. ಫಿಲ್ಮ್‌ನಲ್ಲಿ ದಾಟುವುದು ಒಂದೇ ಸಲ. ಹಾಗಾಗಿ ಕಾಗದಕ್ಕೆ ಸಾಕಾದ ಇಂಕ್ ಫಿಲ್ಮ್‌ಗೆ ಸಾಕಾಗುವುದಿಲ್ಲ. ಪ್ರಿಂಟರನ್ನು ಫಿಲ್ಮ್‌ಗೆ ಹದ ಮಾಡಬೇಕು ಅನ್ನುವುದು ಇದಕ್ಕೇ.

ಇಲ್ಲಿ ಹೇಳುವುದು ಟೀ ಶರ್ಟ್ ಯೂನಿಟ್‌ಗಳಲ್ಲಿ ಜಾಸ್ತಿ ಕಾಣುವ ಎಪ್ಸನ್ ಎಲ್1800 ತರಹದ, ಆರು ಬಣ್ಣದ, ಎ3ಗಿಂತ ಸ್ವಲ್ಪ ಅಗಲದ ಟ್ಯಾಂಕ್ ಪ್ರಿಂಟರ್ ಬಗ್ಗೆ. ಬೇರೆ ಇಂಕ್‌ಜೆಟ್ ಇದ್ದರೂ ಕ್ರಮ ಇದೇ. ಲೇಸರ್ ಪ್ರಿಂಟರ್ ಮತ್ತು ಟ್ರೇಸಿಂಗ್ ಪೇಪರ್ ಇಟ್ಟುಕೊಂಡವರಿಗೆ ಒಂದೇ ಮಾತು: ವಿಸಿಟಿಂಗ್ ಕಾರ್ಡ್, ಬಿಲ್ ಬುಕ್, ಒಂದೇ ಬಣ್ಣದ ಲಗ್ನಪತ್ರಿಕೆ ಇಷ್ಟಕ್ಕೆ ಅದು ನಡೆಯುತ್ತದೆ. ಟೋನರ್ ಪದರದಲ್ಲಿ ಸೂಜಿಮೊನೆಯಂಥ ತೂತುಗಳಿರುತ್ತವೆ, ಫ್ಯೂಸರ್ ಬಿಸಿಗೆ ಶೀಟು ಕುಗ್ಗುತ್ತದೆ. ನಾಲ್ಕು ಬಣ್ಣದ ಹಾಫ್‌ಟೋನ್ ಕೆಲಸಕ್ಕೆ, ಅಂದರೆ ಶೇಡನ್ನು ಸಣ್ಣ ದೊಡ್ಡ ಚುಕ್ಕಿಗಳಾಗಿ ಒಡೆಯುವ ಕೆಲಸಕ್ಕೆ, ಅದನ್ನು ನೆಚ್ಚಿಕೊಳ್ಳಬೇಡಿ.

ಮೊದಲು ಕಪ್ಪು, ಆಮೇಲೆ ಚುಕ್ಕಿ, ಕೊನೆಗೆ ಅಳತೆ. ಈ ಕ್ರಮ ತಪ್ಪಿಸಬೇಡಿ. ಚುಕ್ಕಿ ಸರಿ ಮಾಡಿಕೊಂಡ ಮೇಲೆ ಇಂಕ್ ಜಾಸ್ತಿ ಮಾಡಿದರೆ ಚುಕ್ಕಿಯೂ ಊದಿಕೊಳ್ಳುತ್ತದೆ, ಮಾಡಿದ ಕೆಲಸ ನೀರಲ್ಲಿ ಹೋಮ.

ಶುರು ಮಾಡುವ ಮುಂಚೆ

ನಾಜಲ್ ಚೆಕ್ ತೆಗೆಯಿರಿ, ಅಂದರೆ ಇಂಕ್ ಬರುವ ತೂತುಗಳೆಲ್ಲ ಸರಿ ಇವೆಯಾ ಅಂತ ತೋರಿಸುವ ಗೆರೆಗಳ ಪ್ರಿಂಟು. ಒಂದು ಗೆರೆ ತುಂಡಾಗಿದ್ದರೂ ಹೆಡ್ ಕ್ಲೀನ್ ಮಾಡಿ, ಮತ್ತೆ ತೆಗೆಯಿರಿ. ಕಾಗದದಲ್ಲಿ ಗೊತ್ತೇ ಆಗದ ಆ ಒಂದು ಗೆರೆ ಫಿಲ್ಮ್‌ನಲ್ಲಿ ಬೆಳಕು ಸೋರುವ ಕಿಂಡಿ. ಆಮೇಲೆ ಹೆಡ್ ಅಲೈನ್‌ಮೆಂಟ್. ಡ್ರೈವರ್‌ನಲ್ಲಿ ಹೈ ಸ್ಪೀಡ್ ಅಂತ ಒಂದು ಟಿಕ್ ಇರುತ್ತದೆ, ಕೆಲವು ಡ್ರೈವರ್‌ಗಳಲ್ಲಿ ಬೈಡೈರೆಕ್ಷನಲ್ ಅಂತ. ಅದನ್ನು ತೆಗೆದುಬಿಡಿ. ಹೆಡ್ ಹೋಗುವಾಗಲೂ ಬರುವಾಗಲೂ ಇಂಕ್ ಹಾಕಿದರೆ ಎರಡೂ ಒಂದಕ್ಕೊಂದು ಕೂದಲೆಳೆಯಷ್ಟು ಸರಿದಿರುತ್ತವೆ, ಸಣ್ಣ ಗೆರೆಯ ಅಂಚು ಮಬ್ಬಾಗುತ್ತದೆ. ನಿಧಾನವಾದರೂ ಪರವಾಗಿಲ್ಲ, ಒಂದೇ ದಿಕ್ಕಲ್ಲಿ ಹೊಡೆಯಲಿ.

ಇಂಕ್‌ಜೆಟ್ ಫಿಲ್ಮ್‌ಗೆ ಒಂದೇ ಕಡೆ ಕೋಟಿಂಗ್ ಇರುತ್ತದೆ. ಒದ್ದೆ ಬೆರಳಿಂದ ಮೂಲೆ ಮುಟ್ಟಿದರೆ ಕೋಟಿಂಗ್ ಇರುವ ಕಡೆ ಸ್ವಲ್ಪ ಅಂಟುತ್ತದೆ, ಇನ್ನೊಂದು ಕಡೆ ಜಾರುತ್ತದೆ. ಅಂಟುವ ಕಡೆಗೇ ಇಂಕ್ ಬೀಳಬೇಕು. ಮಿರರ್ ಮಾಡಬೇಡಿ. ಆಫ್‌ಸೆಟ್ ಕಡೆಯಿಂದ ಬಂದವರು ಅಭ್ಯಾಸ ಬಲದಿಂದ ಉಲ್ಟಾ ತೆಗೆದುಬಿಡುತ್ತಾರೆ, ಆದರೆ ಇಲ್ಲಿ ಫಿಲ್ಮ್‌ನ ಇಂಕ್ ಇರುವ ಮುಖ ಸ್ಕ್ರೀನಿನ ಹೊರಮೈಗೆ, ಅಂದರೆ ಬಟ್ಟೆಗೆ ತಾಗುವ ಕಡೆಗೆ, ನೇರವಾಗಿ ಅಂಟಿ ಕೂರಬೇಕು. ಇಂಕ್ ಕಡೆಯಿಂದ ಓದಿದಾಗ ಅಕ್ಷರ ಸೀದಾ ಇದ್ದರೆ ಸರಿ.

ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಫಿಲ್ಮ್ ಪ್ಯಾಕೆಟ್ ತೆರೆದಿಡಬೇಡಿ. ಕೋಟಿಂಗ್ ಗಾಳಿಯ ತೇವ ಹೀರಿಕೊಂಡರೆ ಇಂಕ್ ಬೇಗ ಒಣಗುವುದಿಲ್ಲ, ಹರಡುತ್ತದೆ.

ಕಪ್ಪು ಹಿಡಿಯುವುದು

ಕಪ್ಪಿನ ಲೆಕ್ಕ ಹೇಳುವುದು ಡೆನ್ಸಿಟಿಯಲ್ಲಿ. ಡೆನ್ಸಿಟಿ 1 ಅಂದ್ರೆ ಬಿದ್ದ ಬೆಳಕಲ್ಲಿ ಹತ್ತರಲ್ಲೊಂದು ಪಾಲು ಆಚೆ ಹೋಗುತ್ತದೆ. 2 ಅಂದ್ರೆ ನೂರರಲ್ಲೊಂದು. 3 ಅಂದ್ರೆ ಸಾವಿರದಲ್ಲೊಂದು. ನಮಗೆ ಬೇಕಾದದ್ದು 3 ಅಥವಾ ಅದಕ್ಕಿಂತ ಮೇಲೆ, ಅದೂ ನೇರಳಾತೀತ ಬೆಳಕಿಗೆ. ಹಿಂದೆ ಇಮೇಜ್‌ಸೆಟ್ಟರ್‌ನಲ್ಲಿ ತೆಗೆಸುತ್ತಿದ್ದ ಬೆಳ್ಳಿ ಫಿಲ್ಮ್ 4ರ ಆಸುಪಾಸು ಕೊಡುತ್ತಿತ್ತು, ಅದಕ್ಕೇ ಆಗ ಈ ತಲೆಬಿಸಿ ಇರಲಿಲ್ಲ.

ಇಂಕ್ ಎಷ್ಟು ಬೀಳಬೇಕು ಅನ್ನುವುದನ್ನು ಡ್ರೈವರ್‌ನಲ್ಲಿ ತೀರ್ಮಾನಿಸುವುದು ಮುಖ್ಯವಾಗಿ ಪೇಪರ್ ಟೈಪ್. ಪ್ಲೇನ್ ಪೇಪರ್ ಅಂತ ಇಟ್ಟರೆ ಕಡಿಮೆ, ಗ್ಲಾಸಿ ಫೋಟೊ ಪೇಪರ್ ಅಂತ ಇಟ್ಟರೆ ಜಾಸ್ತಿ. ಒಂದು ಚಿಕ್ಕ ಫೈಲ್ ಮಾಡಿಕೊಳ್ಳಿ: ಅಂಗೈ ಅಗಲದ ಪೂರ್ತಿ ಕಪ್ಪು ಚೌಕ, ಪಕ್ಕದಲ್ಲಿ 6 ಪಾಯಿಂಟಿನ ಕನ್ನಡ ಅಕ್ಷರ (ಒತ್ತಕ್ಷರ ಇರುವಂಥದ್ದು, ಸುಳ್ಳು ಹೇಳೋಕೆ ಬಿಡುವುದಿಲ್ಲ), ಕಾಲು ಮಿಲಿಮೀಟರಿನ ಗೆರೆಗಳು, ಅಷ್ಟೇ ಅಗಲದ ಬಿಳಿ ಗೆರೆ ಕಪ್ಪಿನೊಳಗೆ. ಇದನ್ನೇ ಬೇರೆ ಬೇರೆ ಪೇಪರ್ ಟೈಪ್‌ನಲ್ಲಿ, ಒಮ್ಮೆ ಗ್ರೇಸ್ಕೇಲ್, ಒಮ್ಮೆ ಕಲರ್ ಇಟ್ಟು ತೆಗೆಯಿರಿ. ಕಲರ್ ಇಟ್ಟಾಗ ಕಪ್ಪಿನ ಜೊತೆ ಬೇರೆ ಇಂಕ್ ಕೂಡ ಸೇರಬಹುದು, ಕೆಲವು ಸಲ ಅದೇ ಒಳ್ಳೆಯದು. ಹಳದಿ ಇಂಕ್ ಕಣ್ಣಿಗೆ ತೆಳು ಅನಿಸಿದರೂ ನೇರಳೆ ಬೆಳಕನ್ನು ಚೆನ್ನಾಗಿ ತಡೆಯುತ್ತದೆ. ಪ್ರತಿ ಶೀಟಿನ ಮೇಲೂ ಯಾವ ಸೆಟ್ಟಿಂಗ್ ಅಂತ ಮಾರ್ಕರ್‌ನಲ್ಲಿ ಆಗಲೇ ಬರೆಯಿರಿ, ಐದು ನಿಮಿಷ ಬಿಟ್ಟರೆ ಎಲ್ಲಾ ಒಂದೇ ತರ ಕಾಣುತ್ತವೆ.

ಈಗ ಲೈಟ್ ಟೇಬಲ್ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಇಂಕ್ ಕಡಿಮೆಯಾದ ಶೀಟಲ್ಲಿ ಕಪ್ಪಿನೊಳಗೆ ನಕ್ಷತ್ರಗಳು. ಜಾಸ್ತಿಯಾದ ಶೀಟಲ್ಲಿ ಕಪ್ಪಿನೊಳಗಿನ ಬಿಳಿ ಗೆರೆ ಮುಚ್ಚಿಕೊಂಡಿರುತ್ತದೆ, ಒತ್ತಕ್ಷರದ ಹೊಟ್ಟೆ ತುಂಬಿರುತ್ತದೆ, ಇಂಕ್ ಕೆರೆ ಕಟ್ಟಿ ಬೆರಳಿಗೆ ಹತ್ತುತ್ತದೆ. ಬಿಳಿ ಗೆರೆ ತೆರೆದೇ ಇರುವ ಸೆಟ್ಟಿಂಗ್‌ಗಳಲ್ಲಿ ಅತಿ ಹೆಚ್ಚು ಇಂಕ್ ಹಾಕುವುದು ಯಾವುದೋ ಅದನ್ನು ಆರಿಸಿ.

ಡೆನ್ಸಿಟೋಮೀಟರ್ ದುಬಾರಿ, ಸಣ್ಣ ಯೂನಿಟ್‌ನಲ್ಲಿ ಇರುವುದಿಲ್ಲ. ಅದಿಲ್ಲದೆ ಕಪ್ಪನ್ನು ಪರೀಕ್ಷಿಸುವ ದಾರಿ ಅಡುಗೆಮನೆಯಲ್ಲೇ ಇದೆ: ಅಲ್ಯೂಮಿನಿಯಂ ಫಾಯಿಲ್. ದಿನಾ ಬಳಸುವ ಮೆಶ್‌ಗೆ (ಸ್ಕ್ರೀನಿನ ಜಾಲರಿಗೆ) ದಿನಾ ಹಚ್ಚುವಷ್ಟೇ ಎಮಲ್ಷನ್ ಹಚ್ಚಿ ಒಣಗಿಸಿ. ಎಕ್ಸ್‌ಪೋಸಿಂಗ್ ಗಾಜಿನ ಮೇಲೆ ಕಪ್ಪು ಚೌಕದ ಫಿಲ್ಮ್ ಇಡಿ. ಚೌಕದ ಅರ್ಧ ಭಾಗದ ಕೆಳಗೆ, ಗಾಜಿಗೂ ಫಿಲ್ಮ್‌ಗೂ ನಡುವೆ, ಫಾಯಿಲ್ ತುಂಡು ಸೇರಿಸಿ. ಫಾಯಿಲ್ ಒಂದು ಚೂರೂ ಬೆಳಕು ಬಿಡುವುದಿಲ್ಲ. ಎಂದಿನ ಸಮಯ ಕೊಟ್ಟು ತೊಳೆಯಿರಿ, ಆದರೆ ತೊಳೆಯುವಾಗ ಕಣ್ಣು ಆ ಚೌಕದ ಮೇಲೇ ಇರಲಿ. ಎರಡು ಅರ್ಧವೂ ಒಟ್ಟಿಗೆ ಕರಗಿ ಬಿಟ್ಟುಕೊಂಡರೆ ನಿಮ್ಮ ಕಪ್ಪು ಕಪ್ಪೇ. ಫಾಯಿಲ್ ಇದ್ದ ಅರ್ಧ ಥಟ್ಟನೆ ಬಿಟ್ಟು, ಇನ್ನರ್ಧ ಲೋಳೆಲೋಳೆಯಾಗಿ ಹಿಡಿದುಕೊಂಡು, ಸ್ಪ್ರೇ ಜೋರಾಗಿ ಹೊಡೆದ ಮೇಲೆ ಬಿಟ್ಟರೆ ಇಂಕ್ ಮೂಲಕ ಬೆಳಕು ಸೋರಿದೆ ಅಂತ ಅರ್ಥ. ಎರಡು ಅರ್ಧದ ನಡುವೆ ಗೆರೆ ಎಳೆದ ಹಾಗೆ ವ್ಯತ್ಯಾಸ ಕಾಣುತ್ತದೆ, ವಾದಕ್ಕೆ ಜಾಗವೇ ಇಲ್ಲ.

ಸೋರುತ್ತಿದೆ ಅಂತ ಗೊತ್ತಾದಾಗ ಬಹಳ ಜನ ಮಾಡುವುದು ಎಕ್ಸ್‌ಪೋಸಿಂಗ್ ಸಮಯ ಇಳಿಸುವುದು. ಆಗ ಅಕ್ಷರ ಬಿಡುತ್ತದೆ ನಿಜ. ಆದರೆ ಉಳಿದ ಎಮಲ್ಷನ್ ಅರೆಬೆಂದಿರುತ್ತದೆ, ಇನ್ನೂರು ಟೀ ಶರ್ಟ್ ಆರ್ಡರ್‌ನ ಮಧ್ಯದಲ್ಲಿ ಅಂಚು ಕಿತ್ತು ಬರುತ್ತದೆ. ಸಮಯ ಮುಟ್ಟಬೇಡಿ, ಕಪ್ಪು ಹೆಚ್ಚಿಸಿ: ಪೇಪರ್ ಟೈಪ್ ಬದಲಿಸಿ, ಕ್ವಾಲಿಟಿ ಒಂದು ಮೆಟ್ಟಿಲು ಏರಿಸಿ, ಅದೂ ಸಾಲದಿದ್ದರೆ ಫಿಲ್ಮ್‌ಗೇ ಅಂತ ಮಾಡಿದ ಕಪ್ಪು ಇಂಕ್ ಹಾಕಿ. ಆರೂ ಟ್ಯಾಂಕಿಗೆ ಕಪ್ಪು ತುಂಬುವವರೂ ಇದ್ದಾರೆ. ಒಳ್ಳೆಯದೇ, ಒಂದು ನಾಜಲ್ ಕಟ್ಟಿದರೆ ಇನ್ನೊಂದು ಮುಚ್ಚಿಕೊಡುತ್ತದೆ. ಆದರೆ ಅದಕ್ಕೆ ರಿಪ್ ಸಾಫ್ಟ್‌ವೇರ್, ಅಂದರೆ ಡ್ರೈವರ್ ಬದಲು ಯಾವ ಇಂಕ್ ಎಲ್ಲಿ ಬೀಳಬೇಕು ಅಂತ ತಾನೇ ತೀರ್ಮಾನಿಸುವ ಪ್ರೋಗ್ರಾಂ, ಇರಲೇಬೇಕು. ಮಾಮೂಲಿ ಡ್ರೈವರ್‌ಗೆ ಟ್ಯಾಂಕಲ್ಲಿ ಏನಿದೆ ಅಂತ ಗೊತ್ತಿಲ್ಲ, ಅದು ತನ್ನ ಪಾಡಿಗೆ ಬಣ್ಣ ಬೆರೆಸುತ್ತಾ ಹೋಗುತ್ತದೆ.

ಚುಕ್ಕಿ ಲೆಕ್ಕ

ಬರೀ ಅಕ್ಷರ, ಲೋಗೊ ಮಾಡುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಫೋಟೊ, ಶೇಡ್ ಇರುವ ಕೆಲಸಕ್ಕೆ ಹಾಫ್‌ಟೋನ್ ಬೇಕೇ ಬೇಕು.

ಲೈನ್, ಅಂದರೆ ಒಂದು ಇಂಚಿಗೆ ಚುಕ್ಕಿಗಳ ಸಾಲು, ಎಷ್ಟು ಇಡಬೇಕು ಅನ್ನುವುದನ್ನು ಮೆಶ್ ಹೇಳುತ್ತದೆ. ಇಂಚಿನ ಲೆಕ್ಕದ ಮೆಶ್ ಸಂಖ್ಯೆಯನ್ನು (ಒಂದು ಇಂಚಿಗೆ ಎಷ್ಟು ಎಳೆ) 5ರಿಂದ ಭಾಗಿಸಿ. 230 ಮೆಶ್‌ಗೆ, ಅಂದರೆ ಸೆಂಟಿಮೀಟರ್ ಲೆಕ್ಕದಲ್ಲಿ 90ಕ್ಕೆ, 46 ಬರುತ್ತದೆ, 45 ಲೈನ್ ಅಂತ ಇಟ್ಟುಕೊಳ್ಳಿ. ಕೋನ 22.5 ಡಿಗ್ರಿ ಇಟ್ಟರೆ ಜಾಲರಿ ಜೊತೆ ಅಲೆ ಅಲೆಯ ಮೊಯ್ರೆ ಬರುವುದು ಕಡಿಮೆ. ಪ್ರಿಂಟರ್ ರೆಸಲ್ಯೂಷನ್ ಇಂಚಿಗೆ 720 ಇದ್ದರೆ 720ನ್ನು 45ರಿಂದ ಭಾಗಿಸಿ, 16. ಹದಿನಾರಕ್ಕೆ ಹದಿನಾರು, ಒಂದು ಚುಕ್ಕಿಯ ಮನೆಯೊಳಗೆ 256 ಕಿರುಚೌಕ, ಶೇಡ್‌ಗೆ ಧಾರಾಳ. ಅದೇ 85 ಲೈನ್ ಇಟ್ಟರೆ ಎಪ್ಪತ್ತರ ಹತ್ತಿರ ಬಂದು ನಿಲ್ಲುತ್ತದೆ, ಶೇಡ್ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ರಿಪ್ ಇಲ್ಲದವರು ಫೋಟೊಶಾಪ್‌ನಲ್ಲೇ ಮಾಡಬಹುದು. ಗ್ರೇಸ್ಕೇಲ್ ಫೈಲನ್ನು ಬಿಟ್‌ಮ್ಯಾಪ್ ಮೋಡ್‌ಗೆ ಹಾಕುವಾಗ ಔಟ್‌ಪುಟ್ 720, ವಿಧಾನ ಹಾಫ್‌ಟೋನ್ ಸ್ಕ್ರೀನ್, 45 ಲೈನ್, 22.5 ಕೋನ. ಪ್ರಿಂಟ್ ಕೊಡುವಾಗ ಫಿಟ್ ಟು ಪೇಜ್ ತೆಗೆದಿರಲಿ, ಶೇ 100 ಅಂದ್ರೆ ಶೇ 100. ಇಲ್ಲಿ ಶೇ 98 ಆದರೂ ಚುಕ್ಕಿ ಸಾಲು ಕೆಟ್ಟು ಪಟ್ಟೆ ಬರುತ್ತದೆ.

ಈಗ ಹದ ಮಾಡುವುದು. ಶೇ 5ರಿಂದ 95ರವರೆಗೆ ಐದೈದರಂತೆ ಚೌಕಗಳ ಪಟ್ಟಿ ಮಾಡಿ. ಚುಕ್ಕಿಯ ಆಕಾರ ಡೈಮಂಡ್ ಇಡಿ, ಕಾರಣ ಇದೆ. ಡೈಮಂಡ್‌ನಲ್ಲಿ ನಿಜವಾದ ಶೇ 50 ಚದುರಂಗದ ಹಲಗೆಯ ಹಾಗೆ ಕಾಣುತ್ತದೆ: ಕಪ್ಪು, ಬಿಳಿ ಮನೆಗಳು ಸಮ, ಮೂಲೆಗಳು ಒಂದಕ್ಕೊಂದು ಆಗಷ್ಟೇ ತಾಗಿರುತ್ತವೆ. ಪಟ್ಟಿಯನ್ನು ಫಿಲ್ಮ್ ಮೇಲೆ ತೆಗೆದು ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು, ಮೂಲೆ ತಾಗಿರುವ ಚೌಕ ಯಾವುದು ಅಂತ ಹುಡುಕಿ. 50 ಅಂತ ಬರೆದ ಚೌಕದಲ್ಲೇ ಸಿಕ್ಕರೆ ಅದೃಷ್ಟ. ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ಸಿಗುತ್ತದೆ, ಇಂಕ್ ಹರಡಿ ಚುಕ್ಕಿ ಊದಿರುತ್ತದೆ. ಶೇ 40ರ ಚೌಕದಲ್ಲಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಫೋಟೊಶಾಪ್ ಕರ್ವ್ಸ್‌ನಲ್ಲಿ 50 ಇರುವ ಜಾಗವನ್ನು 40ಕ್ಕೆ ಇಳಿಸಿ, ಅದನ್ನು ಪ್ರೀಸೆಟ್ ಆಗಿ ಉಳಿಸಿ, ಬಿಟ್‌ಮ್ಯಾಪ್ ಮಾಡುವ ಮುಂಚೆ ಪ್ರತಿ ಫೈಲ್‌ಗೂ ಹಾಕಿ. ಪಟ್ಟಿಯನ್ನು ಮತ್ತೆ ತೆಗೆದು ನೋಡಿ, 50ರಲ್ಲಿ ಮೂಲೆ ತಾಗುವ ತನಕ.

ಡೆನ್ಸಿಟೋಮೀಟರ್ ಇರುವವರಿಗೆ ಇದಕ್ಕಿಂತ ನಿಖರ ದಾರಿ ಇದೆ. ಖಾಲಿ ಫಿಲ್ಮ್ ಮೇಲೆ ಸೊನ್ನೆ ಮಾಡಿಕೊಂಡು ಚೌಕಗಳನ್ನು ಅಳೆಯಿರಿ. ಶೇ 50ಕ್ಕೆ 0.30 ಬರಬೇಕು, ಅರ್ಧ ಬೆಳಕು ಅಷ್ಟೇ ತಾನೇ. ಶೇ 25ಕ್ಕೆ 0.12, ಶೇ 75ಕ್ಕೆ 0.60, ಶೇ 90ಕ್ಕೆ 1.00. ರಿಪ್‌ನ ಲೀನಿಯರೈಸೇಷನ್ ಪುಟದಲ್ಲಿ ಅಳೆದ ಸಂಖ್ಯೆ ತುಂಬಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಬಟ್ಟೆ ಮೇಲೆ ಒತ್ತುವಾಗ ಚುಕ್ಕಿ ಮತ್ತೆ ಊದುತ್ತದಲ್ಲ, ಅದನ್ನೂ ಇಲ್ಲೇ ಸರಿ ಮಾಡಿಬಿಡೋಣ ಅನ್ನಿಸುತ್ತದೆ. ಬೇಡ. ಅದಕ್ಕೆ ಬೇರೆ ಕರ್ವ್ ಇಟ್ಟುಕೊಳ್ಳಿ. ಎರಡನ್ನೂ ಕಲಸಿದರೆ ನಾಳೆ ತೊಂದರೆ ಬಂದಾಗ ಅದು ಪ್ರಿಂಟರಿಂದಲೋ, ಬಟ್ಟೆ ಮೇಲೆ ಇಂಕ್ ಎಳೆಯುವ ಸ್ಕ್ವೀಜಿಯಿಂದಲೋ ಗೊತ್ತಾಗುವುದಿಲ್ಲ.

ಅಳತೆ

240 ಮಿಲಿಮೀಟರ್ ಅಗಲ, 320 ಉದ್ದದ ಆಯತ ಬರೆದು ನಾಲ್ಕು ಮೂಲೆಗೂ ತೆಳು ಪ್ಲಸ್ ಗುರುತು ಹಾಕಿ. ಎ3ಯೊಳಗೆ ಕೂರುತ್ತದೆ, ಕರ್ಣ ಸರಿಯಾಗಿ 400 ಮಿಲಿಮೀಟರ್. ಫಿಲ್ಮ್ ತೆಗೆದು ಉದ್ದನೆಯ ಸ್ಟೀಲ್ ಸ್ಕೇಲಿಂದ ಅಳೆಯಿರಿ, ಪ್ಲಾಸ್ಟಿಕ್ ಸ್ಕೇಲ್ ಬೇಡ. ಎರಡು ಕರ್ಣ ಬೇರೆ ಬೇರೆ ಬಂದರೆ ಶೀಟು ಓರೆಯಾಗಿ ಒಳಗೆ ಹೋಗುತ್ತಿದೆ, ಟ್ರೇಯ ಪಕ್ಕದ ಗೈಡ್ ಬಿಗಿ ಮಾಡಿ. 320 ಇರಬೇಕಾದ ಕಡೆ 319.2 ಬಂದರೆ ಉದ್ದವನ್ನು ಮಾತ್ರ ಶೇ 100.25 ಮಾಡಬೇಕು, ಅದನ್ನು ಬಿಟ್‌ಮ್ಯಾಪ್ ಆಗುವ ಮುಂಚೆ ಫೈಲ್‌ನಲ್ಲೇ ಮಾಡಿ.

ನಿಜ ಹೇಳಬೇಕು ಅಂದ್ರೆ ಅಳತೆ ಕಾಲು ಪರ್ಸೆಂಟ್ ತಪ್ಪಿದರೆ ಟೀ ಶರ್ಟ್ ಹಾಕಿಕೊಳ್ಳುವವರಿಗೆ ಏನೂ ಆಗುವುದಿಲ್ಲ. ನಾಲ್ಕೂ ಬಣ್ಣದ ಫಿಲ್ಮ್ ಒಂದೇ ತರ ತಪ್ಪಿದ್ದರೆ ರಿಜಿಸ್ಟರ್, ಅಂದರೆ ಬಣ್ಣದ ಮೇಲೆ ಬಣ್ಣ, ಸರಿಯಾಗಿ ಕೂರುತ್ತದೆ. ಒಂದೊಂದು ಒಂದೊಂದು ತರ ತಪ್ಪಿದರೆ ಮಾತ್ರ ಯಾವ ದೇವರೂ ಕೂರಿಸಲಾರ. ಅದಕ್ಕೆ ಅದೇ ಆಯತವನ್ನು ಎರಡು ಸಲ ತೆಗೆದು ಒಂದರ ಮೇಲೊಂದು ಇಟ್ಟು ಪ್ಲಸ್ ಗುರುತು ನೋಡಿ. ಒಂದು ಕೆಲಸದ ಎಲ್ಲ ಬಣ್ಣವನ್ನೂ ಒಂದೇ ಹೊತ್ತಿಗೆ, ಒಂದೇ ಪ್ಯಾಕೆಟ್ಟಿನ ಫಿಲ್ಮ್ ಮೇಲೆ, ಒಂದೇ ದಿಕ್ಕಲ್ಲಿ ತೆಗೆಯಿರಿ. ಇವತ್ತು ಎರಡು, ನಾಳೆ ಎರಡು ಬೇಡ.

ಎಲ್ಲ ಸರಿಹೋದ ಮೇಲೆ ಪೇಪರ್ ಟೈಪ್, ಕ್ವಾಲಿಟಿ, ಕರ್ವ್‌ನ ಹೆಸರು, ಇಂಕ್ ಮತ್ತು ಫಿಲ್ಮ್ ಬ್ರಾಂಡ್ ಬರೆದು ಪ್ರಿಂಟರ್ ಮುಚ್ಚಳಕ್ಕೆ ಅಂಟಿಸಿ. ಇಂಕ್ ಬ್ರಾಂಡ್ ಬದಲಾದರೆ, ಫಿಲ್ಮ್ ಬದಲಾದರೆ ಫಾಯಿಲ್ ಪರೀಕ್ಷೆಯಿಂದ ಮತ್ತೆ ಶುರು. ದಿನನಿತ್ಯದ ಫಿಲ್ಮ್‌ಗಳ ಅಂಚಲ್ಲಿ ಶೇ 5, 50, 95ರ ಮೂರು ಪುಟ್ಟ ಚೌಕ ಇರಲಿ, ಮಸೂರ ಹಿಡಿದರೆ ಅರ್ಧ ನಿಮಿಷದ ಕೆಲಸ. ಇನ್ನು ವಿಂಡೋಸ್ ಅಪ್‌ಡೇಟ್ ಆದ ಮಾರನೇ ದಿನ ಡ್ರೈವರ್ ಒಮ್ಮೆ ತೆರೆದು ನೋಡಿ, ಪೇಪರ್ ಟೈಪ್ ಸದ್ದಿಲ್ಲದೆ ಪ್ಲೇನ್ ಪೇಪರ್‌ಗೆ ವಾಪಸ್ ಹೋಗಿ ಕೂತಿರಬಹುದು.