‘ವಾಸಿಸು’ ಎಂಬ ಕ್ರಿಯಾಪದವನ್ನು ಬಳಸುವ ಬಗೆ

ಒಂದು ಸ್ಥಳದಲ್ಲಿ ಮನೆ ಮಾಡಿಕೊಂಡಿರುವುದನ್ನು ಹೇಳಲು ಬರವಣಿಗೆಯ ಕನ್ನಡದಲ್ಲಿ ಹೆಚ್ಚಾಗಿ ಬಳಕೆಯಾಗುವ ಕ್ರಿಯಾಪದ ‘ವಾಸಿಸು’. ಸಂಸ್ಕೃತದ ‘ವಾಸ’ಕ್ಕೆ ಕನ್ನಡದ ‘ಇಸು’ ಪ್ರತ್ಯಯ ಸೇರಿ ಆದ ಈ ಪದವು ಅರ್ಜಿ, ವರದಿ, ಪಠ್ಯಪುಸ್ತಕಗಳಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಪರಿಚಯದವರನ್ನು ‘ನೀವು ಎಲ್ಲಿ ವಾಸಿಸುತ್ತೀರಿ?’ ಎಂದು ಕೇಳಿದರೆ ಜನಗಣತಿಗೆ ಬಂದವರ ಪ್ರಶ್ನೆಯಂತಾಗುತ್ತದೆ. ಮಾತಿನಲ್ಲಿ ಅದರ ಜಾಗದಲ್ಲಿ ನಿಲ್ಲುವುದು ‘ಇರು’.

‘ಇರು’ ಬಳಸುವಾಗ ಕ್ರಿಯಾರೂಪದ ಕಡೆ ಗಮನವಿರಬೇಕು. ಫೋನಿನಲ್ಲಿ ‘ಎಲ್ಲಿದ್ದೀರಿ?’ ಎಂದರೆ ಈ ಗಳಿಗೆಯಲ್ಲಿ ಎಲ್ಲಿ ಎಂದು ಕೇಳಿದಂತೆ. ಅದಕ್ಕೆ ‘ಮೆಜೆಸ್ಟಿಕ್‌ನಲ್ಲಿದ್ದೇನೆ’ ಎಂಬುದು ತಕ್ಕ ಉತ್ತರ. ‘ಎಲ್ಲಿರುತ್ತೀರಿ?’ ಅಥವಾ ‘ನೀವಿರುವುದು ಎಲ್ಲಿ?’ ಎಂದಾಗ ಮಾತ್ರ ಮನೆಯ ವಿಚಾರ ಬರುತ್ತದೆ. ಹಾಗಿದ್ದರೂ, ಅವಧಿಯನ್ನು ಸೂಚಿಸುವ ಪದ ಜೊತೆಗಿದ್ದರೆ ‘ಇದ್ದೇನೆ’ ಎಂಬ ರೂಪವೇ ವಾಸವನ್ನು ಹೇಳಬಲ್ಲದು: ‘ಹತ್ತು ವರ್ಷಗಳಿಂದ ಹುಬ್ಬಳ್ಳಿಯಲ್ಲಿದ್ದೇನೆ.’ ಇಲ್ಲಿ ‘ವರ್ಷಗಳಿಂದ’ ಎಂದರೆ ವಾಸ ಇನ್ನೂ ನಡೆದಿದೆ. ‘ಹತ್ತು ವರ್ಷ ಹುಬ್ಬಳ್ಳಿಯಲ್ಲಿದ್ದೆ’ ಎಂದರೆ ಅದು ಮುಗಿದಿದೆ. ‘ವಾಸಿಸುತ್ತಿದ್ದೇನೆ’, ‘ವಾಸವಾಗಿದ್ದೆ’ ಎಂಬ ರೂಪಗಳಿಗೂ ಇದೇ ನಿಯಮ.

ಇನ್ನು, ಹೊರಗಿನಿಂದ ಬಂದು ಬೇರೂರಿದವರಿಗೆ ‘ನೆಲೆಸು’ ಹೆಚ್ಚು ಸರಿಯಾದ ಪದ. 1960ರ ದಶಕದಿಂದ ಬೈಲುಕುಪ್ಪೆಯಲ್ಲಿರುವ ಟಿಬೆಟನ್ನರ ಬಗ್ಗೆ ‘ವಾಸಿಸುತ್ತಿದ್ದಾರೆ’ ಎಂದರೆ ತಪ್ಪೇನಿಲ್ಲ, ಆದರೆ ‘ನೆಲೆಸಿದ್ದಾರೆ’ ಎಂದಾಗ ಬಂದದ್ದು, ಉಳಿದದ್ದು, ಊರನ್ನು ತಮ್ಮದಾಗಿಸಿಕೊಂಡದ್ದು ಎಲ್ಲವೂ ಒಂದೇ ಪದದಲ್ಲಿ ಸಿಗುತ್ತದೆ. ದೇವರಿಗೂ ಇದೇ ಕ್ರಿಯಾಪದ: ಚಾಮುಂಡೇಶ್ವರಿ ಬೆಟ್ಟದ ಮೇಲೆ ನೆಲೆಸಿದ್ದಾಳೆಯೇ ಹೊರತು, ವಾಸಿಸುತ್ತಿದ್ದಾಳೆ ಎಂದು ಭಕ್ತರು ಯಾರೂ ಹೇಳುವುದಿಲ್ಲ. ಪ್ರವಾಸದಲ್ಲಿ ಒಂದೆರಡು ರಾತ್ರಿ ಕಳೆಯುವುದಕ್ಕೆ ‘ತಂಗು’ ಅಥವಾ ‘ಉಳಿದುಕೊಳ್ಳು’ ಸಾಕು. ದಂಡೋ ಜಾತ್ರೆಯ ಅಂಗಡಿಯವರೋ ಗುಂಪಾಗಿ ಬಂದಿಳಿದರೆ ‘ಬೀಡುಬಿಡು’.

ಪ್ರಾಣಿಗಳ ಬಗ್ಗೆ ಬರೆಯುವಾಗ ‘ವಾಸಿಸು’ ನಿಸ್ಸಂಕೋಚವಾಗಿ ಬರುತ್ತದೆ. ‘ಬಂಡೀಪುರದ ಕಾಡಿನಲ್ಲಿ ಹುಲಿಗಳು ವಾಸಿಸುತ್ತವೆ’ ಎಂಬ ವಾಕ್ಯ ಸಾಮಾನ್ಯ ಸಂಗತಿಯನ್ನು ಹೇಳುವುದರಿಂದ ಅಲ್ಲಿ ‘ವಾಸಿಸುತ್ತಿವೆ’ ಎಂಬ ರೂಪ ಬೇಕಾಗಿಲ್ಲ. ನಿರ್ಜೀವ ವಸ್ತುಗಳಿಗೆ ಈ ಪದ ಸಲ್ಲದು. ಪುಸ್ತಕ ಕಪಾಟಿನಲ್ಲಿ ‘ಇದೆ’, ಅಷ್ಟೆ.

ಅನುವಾದಿಸುವವರು ಎಡವುವ ಜಾಗ ಇನ್ನೊಂದಿದೆ. ಇಂಗ್ಲಿಷಿನಲ್ಲಿ ಮನೆ ಮಾಡಿಕೊಂಡಿರುವುದಕ್ಕೂ ಜೀವ ಹಿಡಿದಿರುವುದಕ್ಕೂ ಒಂದೇ ಕ್ರಿಯಾಪದ. ಕನ್ನಡದಲ್ಲಿ ಮೊದಲನೆಯದು ‘ವಾಸಿಸು’, ಎರಡನೆಯದು ‘ಬದುಕು’ ಅಥವಾ ‘ಬಾಳು’. ಅಜ್ಜಿ ತೊಂಬತ್ತು ವರ್ಷ ಬದುಕಿದರು, ಅದರಲ್ಲಿ ಐವತ್ತು ವರ್ಷ ಶಿರಸಿಯಲ್ಲಿ ವಾಸವಾಗಿದ್ದರು ಎಂದು ಬಿಡಿಸಿ ಬರೆಯಬೇಕು. ಜ್ವರ ‘ವಾಸಿಯಾಯಿತು’ ಎನ್ನುವಾಗಿನ ‘ವಾಸಿ’ಗೂ ‘ನಿವಾಸಿ’ಗೂ ಅರ್ಥದಲ್ಲಿ ಸಂಬಂಧ ಕಲ್ಪಿಸಬೇಕಾಗಿಲ್ಲ.

ಸ್ಥಳದ ಹೆಸರಿಗೆ ಸಪ್ತಮಿಯ ‘ಅಲ್ಲಿ’ ಸೇರಿಸುವಾಗ ಆ ಹೆಸರಿನ ಕೊನೆಯ ಸ್ವರವನ್ನು ನೋಡಬೇಕು: ಧಾರವಾಡದಲ್ಲಿ, ಉಡುಪಿಯಲ್ಲಿ, ಮೈಸೂರಿನಲ್ಲಿ. ಅರ್ಜಿಯಲ್ಲಾದರೆ ‘ಮೇಲ್ಕಂಡ ವಿಳಾಸದಲ್ಲಿ ಐದು ವರ್ಷಗಳಿಂದ ವಾಸವಾಗಿದ್ದೇನೆ’ ಎಂದು ಬರೆದರೆ ಸಾಕು.